ಮುಚ್ಚಿಟ್ಟ ನಲವತ್ತೆಂಟು ಗ್ಲಾಸುಗಳು

2007ರ ನವೆಂಬರ್ 16, ಶುಕ್ರವಾರ, ಸಂಜೆ 6.10. ಹೋಟೆಲೊಂದರ ಹಿಂಬದಿಯ ಪ್ಯಾಂಟ್ರಿಯಲ್ಲಿ ತೊಳೆದ ವೈನ್ ಗ್ಲಾಸುಗಳನ್ನು ಎಣಿಸಲು ಕುಳಿತೆ. ನನ್ನ ದಿನಚರಿ ಪುಸ್ತಕದಲ್ಲಿ ಸ್ಪರ್ಧೆಯ ಕೆಲಸ ಶುರುವಾಗುವುದು ಇಲ್ಲಿಂದ. ತಪ್ಪು ಶುರುವಾದದ್ದೂ ಇಲ್ಲಿಂದಲೇ. ಆದರೆ ಅದು ನನ್ನ ಕಣ್ಣಿಗೆ ಬೀಳಲು ಇಪ್ಪತ್ತೊಂದೂವರೆ ಗಂಟೆ ಹಿಡಿಯಿತು.

ಹೈದರಾಬಾದಿನ ವೈನ್ ಪ್ರಿಯರ ಕೂಟವೊಂದು ಆ ವರ್ಷ ಮೊದಲ ಬಾರಿಗೆ ದಖ್ಖನ್ ಸೀಮೆಯ ವೈನುಗಳ ಸ್ಪರ್ಧೆ ಏರ್ಪಡಿಸಿತ್ತು. ನಾಸಿಕ್, ಬಿಜಾಪುರ, ನಂದಿಬೆಟ್ಟದ ಸುತ್ತಲಿನ ಸಣ್ಣ ವೈನರಿಗಳಿಂದ ನಲವತ್ತೆರಡು ವೈನುಗಳು ಬಂದಿದ್ದವು. ಶನಿವಾರ ಹಗಲು ಆ ಹೋಟೆಲಿನಲ್ಲೇ ತೀರ್ಪು, ಸಂಜೆ ಆರಕ್ಕೆ ಹುಲ್ಲುಹಾಸಿನ ಮೇಲೆ ವೈನರಿಗಳ ಮೇಜುಗಳು, ಅತಿಥಿಗಳು, ಏಳಕ್ಕೆ ಪದಕ. ವಾರದ ಐದು ದಿನ ಮಾಧಾಪುರದ ಕಂಪನಿಯೊಂದರಲ್ಲಿ ಬೇರೆಯವರು ಬರೆದ ಪ್ರೋಗ್ರಾಮುಗಳಲ್ಲಿ ತಪ್ಪು ಹುಡುಕುವುದು ನನ್ನ ಕೆಲಸ. ಕೂಟದ ರುಚಿಸಭೆಗಳಿಗೆ ಹನ್ನೊಂದು ಸಲ ಹೋಗಿದ್ದೆ. ಹೋದಾಗಲೆಲ್ಲ ಯಾವ ವೈನು, ಎಷ್ಟು ಗಂಟೆಗೆ, ಯಾವ ವಾಸನೆ ಎಂದು ಬರೆದಿಟ್ಟುಕೊಳ್ಳುತ್ತಿದ್ದೆ. ಒಂದರಲ್ಲಿ ಸೀಬೆಹಣ್ಣು, ಇನ್ನೊಂದರಲ್ಲಿ ಕಾಯಿಸಿದ ಬೆಲ್ಲ. ಹೀಗೆ ಹುಡುಕುವುದರಲ್ಲಿ ನನಗೆ ಕುಡಿಯುವುದಕ್ಕಿಂತ ಹೆಚ್ಚಿನ ಖುಷಿಯಿತ್ತು. ಆ ಪುಸ್ತಕ ನೋಡಿದ ಕೂಟದ ಕಾರ್ಯದರ್ಶಿ ಸ್ಪರ್ಧೆಯ ಹಿಂಕೋಣೆಯನ್ನು ನನಗೆ ಒಪ್ಪಿಸಿದರು. ಬಾಟಲಿಗಳಿಗೆ ಕಪ್ಪು ಬಟ್ಟೆಯ ಚೀಲ ತೊಡಿಸಿ ನಂಬರ್ ಕಟ್ಟುವುದು, ಯಾವ ನಂಬರ್ ಯಾರ ವೈನು ಎಂಬ ಪಟ್ಟಿಯನ್ನು ಗುಟ್ಟಾಗಿ ಇಟ್ಟುಕೊಳ್ಳುವುದು, ಅಂಕ ಕೂಡಿಸುವುದು, ಇವಿಷ್ಟೂ ನನ್ನ ಪಾಲಿನವು. ತೀರ್ಪುಗಾರರಿಗೆ ಪಟ್ಟಿ ಗೊತ್ತಿರಬಾರದು. ನನಗೆ ಮಾತ್ರ ಗೊತ್ತಿರಬೇಕು.

ಗ್ಲಾಸುಗಳ ಲೆಕ್ಕ ಹೀಗಿತ್ತು. ಐವರು ತೀರ್ಪುಗಾರರು. ಒಂದು ಸುತ್ತಿಗೆ ಆರು ವೈನು. ಮಧ್ಯಾಹ್ನದ ಊಟದೊಳಗೆ ನಾಲ್ಕು ಸುತ್ತು. ಅಂದರೆ ಒಬ್ಬರಿಗೆ ಇಪ್ಪತ್ನಾಲ್ಕು, ಒಟ್ಟು ನೂರ ಇಪ್ಪತ್ತು. ಹೋಟೆಲಿನವರ ಬಳಿ ಎಪ್ಪತ್ತೆರಡೇ ಇದ್ದವು. ಅವು ಪ್ಲಾಸ್ಟಿಕ್ ರ‍್ಯಾಕುಗಳಲ್ಲಿ ಕೂತಿದ್ದವು. ಉಳಿದ ನಲವತ್ತೆಂಟನ್ನು ಸುಲ್ತಾನ್ ಬಜಾರಿನ ಪಾತ್ರೆ ಅಂಗಡಿಯೊಂದರಿಂದ ಬಾಡಿಗೆಗೆ ತಂದಿದ್ದೆ. ಎರಡು ರಟ್ಟಿನ ಪೆಟ್ಟಿಗೆ, ಒಂದೊಂದರಲ್ಲಿ ಇಪ್ಪತ್ನಾಲ್ಕು ಖಾನೆ. ಒಂದು ಪೆಟ್ಟಿಗೆ ಎಂದರೆ ಒಬ್ಬ ತೀರ್ಪುಗಾರರ ಒಂದು ಬೆಳಗು. ಲೆಕ್ಕ ಇಷ್ಟು ಸರಿಯಾಗಿ ಕೂತದ್ದು ಕಂಡು ನನಗೆ ಆದ ಸಂತೋಷವನ್ನು ಆ ಸಂಜೆಯ ಪುಟದಲ್ಲಿ ಬರೆದಿದ್ದೇನೆ. ಗ್ಲಾಸುಗಳನ್ನು ತೊಳೆಸಿ, ಬೋರಲು ಹಾಕಿ, ಖಾನೆಗಳಿಗೆ ಇಳಿಸಿ, ಪೆಟ್ಟಿಗೆಗಳ ಮೇಲೆ 2 ಮತ್ತು 5 ಎಂದು ಬರೆದು ಮುಚ್ಚಿದೆ. ಎರಡನೆಯ ಮತ್ತು ಐದನೆಯ ತೀರ್ಪುಗಾರರಿಗೆ ಅವು.

ಪ್ಯಾಂಟ್ರಿಯ ಮೇಲ್ವಿಚಾರಕರು ಹೈದರಾಬಾದಿನ ಹಳೆಯ ಊರಿನ ಹಿರಿಯರು. ಬಾಗಿಲಲ್ಲಿ ನಿಂತು ನೋಡುತ್ತಿದ್ದವರು ಮೆಲ್ಲಗೆ ಹೇಳಿದರು: "ಡಬ್ಬೇ ಮೆಂ ನಕ್ಕೋ ರಖೋ ಮೇಡಂ. ಗಿಲಾಸಾಂ ಕೋ ಹವಾ ಹೋನಾ."

ಪೆಟ್ಟಿಗೆಯಲ್ಲಿ ಇಡಬಾರದಂತೆ, ಗ್ಲಾಸಿಗೆ ಗಾಳಿ ಬೇಕಂತೆ. ರ‍್ಯಾಕಿಗೆ ಮೂವತ್ತಾರು ಖಾನೆ, ಅದರಲ್ಲಿಟ್ಟರೆ ಯಾರ ಗ್ಲಾಸು ಎಷ್ಟು ಎಂದು ತಿಳಿಯುವುದಿಲ್ಲ ಎಂದೆ. ಅವರು ತಲೆಯಾಡಿಸಿ ಹೋದರು. 7.05ಕ್ಕೆ ಮಿಯಾಪುರದ ಬಸ್ ಹಿಡಿದೆ.

ಶನಿವಾರ ಬೆಳಿಗ್ಗೆ 8.50. ಸಂಜೆಯ ಮೇಜಿಗೆಂದು ಬಾಟಲಿ ಒಪ್ಪಿಸಲು ಬಂದವರಲ್ಲಿ ಒಬ್ಬರು ನನ್ನ ಪುಸ್ತಕದ ಅಕ್ಷರ ನೋಡಿ ನಿಂತುಬಿಟ್ಟರು.

"ಕನ್ನಡದವರೇನ್ರಿ? ಮೈಸೂರ ಕಡೆ ಅನಸ್ತದ, ಅಕ್ಷರ ಭಾಳ ದುಂಡ ಅದಾವ."

ಹೌದೆಂದೆ. ಅವರು ಬಿಜಾಪುರದ ಕಡೆಯವರು, ನಲವತ್ತರ ಹತ್ತಿರದ ವಯಸ್ಸು. ಒಂಬತ್ತು ವರ್ಷ ಪಟಾನ್‌ಚೆರುವಿನ ಔಷಧಿ ಕಾರ್ಖಾನೆಯಲ್ಲಿ ರಸಾಯನಶಾಸ್ತ್ರಜ್ಞರಾಗಿದ್ದು, ಎರಡು ವರ್ಷದ ಹಿಂದೆ ಅದನ್ನು ಬಿಟ್ಟು ತಮ್ಮೂರಿನ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ತೆರೆದ ವೈನರಿ ಸೇರಿದ್ದರು. ಈಗ ತಂದದ್ದು ಅವರು ಸ್ವಂತ ಕೈಯಿಂದ ಮಾಡಿದ ಮೊದಲ ಬಿಳಿ ವೈನು. ಒಂದೇ ಟ್ಯಾಂಕು. ನಾನು ಕೇಳದೆಯೇ ಉಳಿದದ್ದನ್ನೂ ಹೇಳಿದರು.

"ಮಾಲಕರು ಖಡಕ್ ಹೇಳ್ಯಾರ್ರಿ. ಮೆಡಲ್ ಬಂದ್ರ ಬಾಟ್ಲಿಗೆ, ಬರಲಿಲ್ಲಂದ್ರ ಟ್ಯಾಂಕ್ ಬ್ರಾಂದಿ ಭಟ್ಟಿಗೆ. ಮಾಲ್ ಕೆಟ್ಟೈತಿ ಅಂತ ಯಾರರ ಅಂದ್ರಂತೂ, ಟ್ಯಾಂಕಿನ ಹಿಂದ ನಾನೂ ಹೊಂಟೆ."

ನಕ್ಕೇ ಹೇಳಿದರು. ಹುಲ್ಲುಹಾಸಿನ ಮೇಜಿಗೆ ಅವರು ತಂದದ್ದು ಎರಡು ಬಾಟಲಿ. ತೀರ್ಪಿಗೆ ಕಳಿಸಿದ್ದ ಇನ್ನೆರಡು ಆಗಲೇ ನನ್ನ ಬಳಿ ಕಪ್ಪು ಚೀಲದಲ್ಲಿದ್ದವು. ಅವರ ನಂಬರ್ ಒಂಬತ್ತು. ಅದು ಗೊತ್ತಿದ್ದೂ ಮುಖದಲ್ಲಿ ತೋರಗೊಡದೆ ರಸೀದಿ ಬರೆದುಕೊಟ್ಟೆ.

9.30ಕ್ಕೆ ತೀರ್ಪು ಶುರುವಾಯಿತು. ನಿಯಮ ಸರಳ. ನೂರು ಅಂಕಕ್ಕೆ ಐವರ ಸರಾಸರಿ. ಎಂಬತ್ತು ಬಂದರೆ ಕಂಚು. ಐವರಲ್ಲಿ ಇಬ್ಬರು ವೈನು ಕೆಟ್ಟಿದೆ ಎಂದರೆ ಅದರ ಎರಡನೆಯ ಬಾಟಲಿ ಬಿಚ್ಚಬೇಕು. ಅದರಲ್ಲೂ ಇಬ್ಬರಿಗೆ ದೋಷ ಕಂಡರೆ ಆ ವೈನು ಹೊರಗೆ, ಪಟ್ಟಿಯಲ್ಲಿ ಅದರ ಮುಂದೆ 'ದೋಷಯುಕ್ತ' ಎಂದು ಬರೆಯಬೇಕು.

9.48ಕ್ಕೆ ಮೂರನೆಯ ನಂಬರಿಗೆ ಎರಡನೆಯ ಮತ್ತು ಐದನೆಯ ತೀರ್ಪುಗಾರರು ಕೈ ಎತ್ತಿದರು. ಬೂಸಲು ವಾಸನೆ, ನೆನೆದ ಗೋಣಿಚೀಲದ ಹಾಗೆ ಎಂದರು. ಕಾರ್ಕಿನ ಬಿರಡೆ ಕೆಟ್ಟರೆ ವೈನಿಗೆ ಹತ್ತುವುದು ಇದೇ ವಾಸನೆ. ಎರಡನೆಯ ಬಾಟಲಿ ಬಿಚ್ಚಿದೆ. ಇಲ್ಲಿ ನನ್ನ ಎರಡನೆಯ ತಪ್ಪು. ಹೊಸ ಗ್ಲಾಸು ಕೊಟ್ಟರೆ ಎಣಿಕೆ ಕೆಡುತ್ತದೆಂದು ಅದೇ ಗ್ಲಾಸನ್ನು ನೀರಿನಲ್ಲಿ ಜಾಲಿಸಿ ಅದಕ್ಕೇ ಸುರಿಸಿದೆ. ಅವರಿಬ್ಬರೂ ಮತ್ತೆ ತಲೆಯಲ್ಲಾಡಿಸಿದರು. ಉಳಿದ ಮೂವರಿಗೆ ಏನೂ ಕಂಡಿರಲಿಲ್ಲ. ಒಂದನೆಯ ಕುರ್ಚಿಯಲ್ಲಿದ್ದ ಮುಖ್ಯ ತೀರ್ಪುಗಾರ್ತಿ ಪುಣೆಯವರು, ಹೋಟೆಲ್ ಕಾಲೇಜೊಂದರ ನಿವೃತ್ತ ಅಧ್ಯಾಪಕಿ. ಈ ವಾಸನೆ ಕೆಲವರ ಮೂಗಿಗೆ ಬೇಗ ಹತ್ತುತ್ತದೆ, ಕೆಲವರಿಗೆ ಹತ್ತುವುದೇ ಇಲ್ಲ, ಚುರುಕು ಮೂಗನ್ನು ನಂಬುವುದೇ ಪದ್ಧತಿ ಎಂದರು. ಅದು ನಿಜವೂ ಹೌದು. ಆದ್ದರಿಂದಲೇ ಯಾರಿಗೂ ಅನುಮಾನ ಬರಲಿಲ್ಲ.

ಒಂಬತ್ತನೆಯ ನಂಬರ್ ಹೊರಬಿದ್ದದ್ದು 10.31ಕ್ಕೆ. ಕೈ ಎತ್ತಿದವರು ಅವರಿಬ್ಬರೇ. ನಾನು ಕೆಂಪು ಶಾಯಿಯಲ್ಲಿ 'ದೋಷಯುಕ್ತ' ಎಂದು ಬರೆದೆ. ಕಿಟಕಿಯ ಆಚೆ ಬಿಜಾಪುರದವರು ತಮ್ಮ ಮೇಜಿಗೆ ಬಿಳಿ ಬಟ್ಟೆ ಹಾಸಿ, ಸುಕ್ಕು ಹೋಗಲೆಂದು ಅಂಗೈಯಿಂದ ತೀಡುತ್ತಿದ್ದರು. ಹೋಗಿ ಹೇಳುವಂತಿರಲಿಲ್ಲ. ಹೇಳಿದರೆ ನನ್ನ ಪಟ್ಟಿಗೆ ಬೆಲೆಯೇ ಇರುತ್ತಿರಲಿಲ್ಲ.

ಊಟದ ಹೊತ್ತಿಗೆ ಇಪ್ಪತ್ನಾಲ್ಕರಲ್ಲಿ ಐದು ಹೊರಗೆ ಹೋಗಿದ್ದವು: ಬಿಳಿಯವು ನಾಲ್ಕು, ಕೆಂಪು ಒಂದು. ಹೋಟೆಲಿನವರು ನೂರ ಇಪ್ಪತ್ತು ಗ್ಲಾಸನ್ನೂ ಒಟ್ಟಿಗೆ ಯಂತ್ರದಲ್ಲಿ ತೊಳೆದು ರ‍್ಯಾಕುಗಳಲ್ಲಿಟ್ಟರು. ನನ್ನ ಎರಡು ಪೆಟ್ಟಿಗೆಗಳು ಖಾಲಿಯಾಗಿ ಪ್ಯಾಂಟ್ರಿಯ ಮೂಲೆ ಸೇರಿದವು. ಮಧ್ಯಾಹ್ನದ ಹದಿನೆಂಟು ವೈನು 3.20ಕ್ಕೆ ಮುಗಿದವು. ಒಂದಕ್ಕೂ ಯಾರೂ ಕೈ ಎತ್ತಲಿಲ್ಲ.

3.40ಕ್ಕೆ ಅಂಕಗಳನ್ನು ಕೂಡಿಸುತ್ತಿದ್ದಾಗ ಕೈ ನಿಂತಿತು. ಬೆಳಿಗ್ಗೆ ಇಪ್ಪತ್ನಾಲ್ಕರಲ್ಲಿ ಐದು, ಮಧ್ಯಾಹ್ನ ಹದಿನೆಂಟರಲ್ಲಿ ಸೊನ್ನೆ. ಬಿರಡೆಗಳಿಗೆ ಊಟದ ಹೊತ್ತು ತಿಳಿಯುವುದಿಲ್ಲ. ಬೆಳಿಗ್ಗೆ ಮತ್ತು ಮಧ್ಯಾಹ್ನದ ನಡುವೆ ಬದಲಾದದ್ದು ಏನೇನು ಎಂದು ಪಟ್ಟಿ ಮಾಡಿದೆ. ಕೋಣೆ ಅದೇ, ಜನ ಅವರೇ, ನೀರು ಅದೇ. ಗ್ಲಾಸುಗಳು ಮಾತ್ರ ಮತ್ತೆ ತೊಳೆದು ಒಂದಾಗಿ ಬೆರೆತವು. ಕೈ ಎತ್ತಿದವರು ಪ್ರತಿ ಸಲವೂ 2 ಮತ್ತು 5. ಪೆಟ್ಟಿಗೆಗಳ ಮೇಲೆ ನಾನೇ ಬರೆದದ್ದು 2 ಮತ್ತು 5.

ಪ್ಯಾಂಟ್ರಿಗೆ ಹೋಗಿ ಪೆಟ್ಟಿಗೆಯೊಳಗೆ ಮೂಗು ತೂರಿಸಿದೆ. ಮಳೆಗಾಲವನ್ನು ಗೋದಾಮಿನ ನೆಲದ ಮೇಲೆ ಕಳೆದ ರಟ್ಟಿನ ವಾಸನೆ. ಆದರೂ ಅಷ್ಟು ಸಾಲದೆನ್ನಿಸಿತು. ಒಂದು ಶುದ್ಧ ಗ್ಲಾಸನ್ನು ಒದ್ದೆಯಾಗಿಯೇ ಖಾನೆಯಲ್ಲಿ ಬೋರಲಿಟ್ಟು ಮುಚ್ಚಿ, ಗಡಿಯಾರ ನೋಡಿದೆ. 3.48. ಇಪ್ಪತ್ತೈದು ನಿಮಿಷದ ನಂತರ ಅದನ್ನೂ, ರ‍್ಯಾಕಿನ ಇನ್ನೊಂದನ್ನೂ ಗುರುತು ಹೇಳದೆ ಮೇಲ್ವಿಚಾರಕರ ಕೈಗೆ ಕೊಟ್ಟೆ. ಅವರು ಎರಡನ್ನೂ ಮೂಸಿ, ಪೆಟ್ಟಿಗೆಯದನ್ನು ನನ್ನ ಕಡೆ ಸರಿಸಿದರು.

"ಇಸ್ ಮೆಂ ಬೋರೀ ಕೀ ಬೂ ಹೈ, ಮೇಡಂ." ಗೋಣಿಯ ವಾಸನೆ. ಹಿಂದಿನ ಸಂಜೆಯ ಮಾತನ್ನು ಅವರು ಎತ್ತಲಿಲ್ಲ. ಎತ್ತಿದ್ದರೆ ನನಗೆ ಹಗುರಾಗುತ್ತಿತ್ತು.

ಇಪ್ಪತ್ತೈದು ನಿಮಿಷಕ್ಕೇ ಹೀಗಾದರೆ ಇಡೀ ರಾತ್ರಿಯ ಗತಿಯೇನು? ಗಟ್ಟಿ ಕೆಂಪು ವೈನುಗಳು ಆ ವಾಸನೆಯನ್ನು ನುಂಗಿಕೊಂಡಿದ್ದವು. ತೆಳುವಾದ ಬಿಳಿಯವು ಸಿಕ್ಕಿಬಿದ್ದಿದ್ದವು.

4.18ಕ್ಕೆ ಕಾರ್ಯದರ್ಶಿಯನ್ನು ಹುಡುಕಿದೆ. ಅವರು ಪ್ರಮಾಣಪತ್ರಗಳನ್ನು ಅಚ್ಚು ಹಾಕಿಸುತ್ತಿದ್ದರು. ಎಲ್ಲ ಹೇಳಿದೆ. ಅವರು ಕೆಟ್ಟ ಮನುಷ್ಯರಲ್ಲ. ಮೂರು ತಿಂಗಳು ಓಡಾಡಿ ಸ್ಪರ್ಧೆ ಏರ್ಪಡಿಸಿದ್ದರು. ಸ್ವಲ್ಪ ಹೊತ್ತು ಬಾಗಿಲ ಕಡೆ ನೋಡಿ ತಗ್ಗಿದ ದನಿಯಲ್ಲಿ ಅಂದರು: "ವದ್ದಮ್ಮಾ. ಎವರಿಕೀ ತೆಲೀದು ಕದಾ."

ಬೇಡಮ್ಮ, ಯಾರಿಗೂ ಗೊತ್ತಿಲ್ಲವಲ್ಲ. ನಿಜವೇ. ಗೊತ್ತಿದ್ದವರು ಮೂವರು, ಮೂವರೂ ಸುಮ್ಮನಿರಬಹುದಿತ್ತು. ಬಾಟಲಿ ಕೆಟ್ಟಿತ್ತು ಎಂದರೆ ಯಾವ ವೈನರಿಯೂ ಜಗಳಕ್ಕೆ ಬರುವುದಿಲ್ಲ, ತಮ್ಮ ಬಿರಡೆಯನ್ನೇ ಬೈದುಕೊಳ್ಳುತ್ತದೆ. ನಂಬರುಗಳ ಪಟ್ಟಿಯನ್ನು ಲಕೋಟೆಯಲ್ಲಿ ಹಾಕಿ ಅಂಟಿಸಿ ಅವರ ಮುಂದಿಟ್ಟೆ. ಇನ್ನು ಇದು ನನ್ನ ಬಳಿ ಇರುವುದು ಸರಿಯಲ್ಲ, ಮುಖ್ಯ ತೀರ್ಪುಗಾರ್ತಿಗೆ ಹೇಳಲು ಹೋಗುತ್ತಿದ್ದೇನೆ ಎಂದೆ. ಅವರು ಲಕೋಟೆಯನ್ನು ಜೇಬಿಗಿಟ್ಟುಕೊಂಡು ನನ್ನ ಹಿಂದೆಯೇ ಬಂದರು.

ಮುಖ್ಯ ತೀರ್ಪುಗಾರ್ತಿ ಚಹಾ ಕುಡಿಯುತ್ತಿದ್ದರು. ಪೂರ್ತಿ ಕೇಳಿಸಿಕೊಂಡು ಮೊದಲು ಕೇಳಿದ ಪ್ರಶ್ನೆ ಇದು: "ಹೊರಬಿದ್ದ ಐದರಲ್ಲಿ ನಿನಗೆ ಪರಿಚಯದವರು ಇದ್ದಾರೆಯೇ?"

ಒಬ್ಬರು ಇದ್ದಾರೆ, ಇವತ್ತೇ ಮಾತಾಡಿದ್ದು ಎಂದೆ. ಯಾರೆಂದು ಹೇಳಬೇಡ ಎಂದರು. ಆಮೇಲೆ ಎರಡು ದಾರಿ ಮುಂದಿಟ್ಟರು.

"ಆ ಇಬ್ಬರ ಬೆಳಗಿನ ಅಂಕ ಬಿಟ್ಟು ಉಳಿದ ಮೂವರ ಸರಾಸರಿ ತೆಗೆಯಬಹುದು. ಹತ್ತು ನಿಮಿಷದ ಕೆಲಸ. ಇಲ್ಲವೇ ಆ ಇಬ್ಬರೂ ಇಪ್ಪತ್ನಾಲ್ಕನ್ನೂ ಒಳ್ಳೆಯ ಗ್ಲಾಸಿನಲ್ಲಿ ಮತ್ತೆ ನೋಡಬೇಕು. ಲೆಕ್ಕ ಇಟ್ಟವಳು ನೀನು. ನೀನು ಏನನ್ನುತ್ತೀಯ?"

ಈ ಪ್ರಶ್ನೆಗೆ ನಾನು ಸಿದ್ಧವಾಗಿರಲಿಲ್ಲ. ಏಕೆಂದರೆ ಒಂಬತ್ತನೆಯ ನಂಬರಿಗೆ ಮೂವರು ಕೊಟ್ಟ ಅಂಕ ನನಗೆ ನೆನಪಿತ್ತು: 81, 80, 82. ಮೂವರ ಸರಾಸರಿ ಎಂದರೆ 81. ಮೊದಲ ದಾರಿ ಹಿಡಿದರೆ ಆ ಮನುಷ್ಯನಿಗೆ ಕಂಚು ಖಚಿತ. ಟ್ಯಾಂಕು ಬಾಟಲಿಗೆ ಹೋಗುತ್ತದೆ. ಹತ್ತು ನಿಮಿಷದ ಕೆಲಸ.

"ಮತ್ತೆ ನೋಡಬೇಕು" ಎಂದೆ.

ಆ ಮಾತು ಹೇಗೆ ಬಂತೆಂದು ಇಂದಿಗೂ ಬಿಡಿಸಿ ನೋಡುತ್ತೇನೆ. ಐವರ ತೀರ್ಪು ಎಂದು ಸಾರಿ ಮೂವರದನ್ನು ಕೊಡುವುದು ಮೋಸವೆಂದು ಅನ್ನಿಸಿದ್ದು ಹೌದು. ಉತ್ತರ ಗೊತ್ತಿರುವ ಲೆಕ್ಕವನ್ನು ಆರಿಸಿಕೊಂಡೆನೆಂಬ ಮಾತು ಬರಬಾರದು ಎಂಬ ಭಯವೂ ಇತ್ತು. ಯಾವುದು ಎಷ್ಟು ಎಂದು ಬೇರ್ಪಡಿಸಲು ಆಗಿಲ್ಲ.

ತಾಜಾ ಬಾಟಲಿಗಳು ಬೇಕಾಗಿದ್ದವು. ಬೆಳಿಗ್ಗೆ ಬಿಚ್ಚಿದವು ಏಳು ಗಂಟೆ ಗಾಳಿ ಕುಡಿದಿದ್ದವು. ಹೊರಬೀಳದ ಹತ್ತೊಂಬತ್ತರ ಎರಡನೆಯ ಬಾಟಲಿಗಳು ನನ್ನ ಬಳಿಯೇ ಇದ್ದವು, ಆದರೆ ಐವರನ್ನು ಮಾತ್ರ ಕೇಳಿದರೆ ಹೊರಬಿದ್ದವರು ಯಾರೆಂದು ಎಲ್ಲರಿಗೂ ತಿಳಿಯುತ್ತಿತ್ತು. 4.45ಕ್ಕೆ ಹುಲ್ಲುಹಾಸಿಗೆ ಇಳಿದು ಇಪ್ಪತ್ನಾಲ್ಕು ಮೇಜಿನಿಂದ ಬಿಚ್ಚದ ಒಂದೊಂದು ಬಾಟಲಿ ಕೇಳುತ್ತಾ ಹೋದೆ. ಕಾರಣ ಹೇಳಬಾರದೆಂದು ಮುಖ್ಯ ತೀರ್ಪುಗಾರ್ತಿಯ ಅಪ್ಪಣೆಯಾಗಿತ್ತು. ಒಬ್ಬರು ಗೊಣಗಿದರು, ಒಬ್ಬರು ರಸೀದಿ ಕೇಳಿದರು. ಬಿಜಾಪುರದವರ ಮೇಜಿನ ಮೇಲೆ ಒಂದೇ ಬಾಟಲಿ ಇತ್ತು. ಇನ್ನೊಂದನ್ನು ಆಗಲೇ ಪಕ್ಕದ ಮೇಜುಗಳವರಿಗೆ ರುಚಿಗೆ ಸುರಿದಿದ್ದರು.

"ಇದೊಂದ ಉಳದೈತ್ರಿ," ಎಂದರು. "ಆರಕ್ಕ ಒಂದ್ ಹೋಟೆಲಿನ ಖರೀದಿ ಸಾಹೇಬ್ರು ಬರ್ತೀನಿ ಅಂದಾರ. ಅವರ ಮುಂದ ಏನ್ ಇಡಲಿ, ಖಾಲಿ ಬಾಟ್ಲಿ ಇಡಲಿ?"

ನನಗೆ ಬೇರೆ ದಾರಿಯಿಲ್ಲ ಎಂದೆ.

"ಯಾಕ ಅಂತರ ಹೇಳ್ರಿ."

ಹೇಳುವಂತಿಲ್ಲ ಎಂದೆ. ಅವರು ನನ್ನ ಮುಖವನ್ನೇ ನೋಡಿದರು. ಒಂಬತ್ತು ವರ್ಷ ಕಾರ್ಖಾನೆಯಲ್ಲಿ ತಪಾಸಣೆಯವರನ್ನು ಕಂಡಿದ್ದ ಮನುಷ್ಯ. ಏನೋ ಕೆಟ್ಟಿದೆ ಎಂಬುದು ಅವರಿಗೆ ತಿಳಿದಿರಬೇಕು.

"ನಮ್ಮದಷ್ಟನಾ, ಎಲ್ಲಾರದೂ ಒಯ್ಯಾಕತ್ತೀರಿ?"

"ಇಪ್ಪತ್ನಾಲ್ಕು ಜನರದು."

"ಹಂಗಾರ ಒಯ್ರಿ," ಎಂದು ಬಾಟಲಿಯನ್ನು ಬಟ್ಟೆಯಿಂದ ಒರೆಸಿ ಕೊಟ್ಟರು.

ಮುಂದಿನ ಕೆಲಸದಲ್ಲಿ ನಾನು ಬಾಟಲಿ ಮುಟ್ಟಲಿಲ್ಲ. ಕಾರ್ಯದರ್ಶಿ ಚೀಟಿ ಎತ್ತಿ ಹೊಸ ನಂಬರ್ ಕೊಟ್ಟರು, ಬಿಳಿಯವಕ್ಕೆ ಮೊದಲು, ಕೆಂಪಿಗೆ ಆಮೇಲೆ. ಮೇಲ್ವಿಚಾರಕರು ರ‍್ಯಾಕಿನ ಗ್ಲಾಸುಗಳನ್ನು ಒಂದೊಂದಾಗಿ ಮೂಸಿ ಸುರಿದರು. ಗಡಿಯಾರ ಮಾತ್ರ ನನ್ನ ಕೈಲಿತ್ತು. 5.15ಕ್ಕೆ ಆರಂಭ. ಎರಡನೆಯ ತೀರ್ಪುಗಾರರು ಸಿಡುಕುತ್ತಿದ್ದರು. ಐದನೆಯವರು ಪ್ರತಿ ಗ್ಲಾಸಿನ ನಡುವೆ ಬಿಸ್ಕತ್ತು ತಿಂದು ನೀರು ಕುಡಿದು ಕಣ್ಣು ಮುಚ್ಚಿ ಕೂರುತ್ತಿದ್ದರು. ಉಗುಳಿದರೂ ನಾಲಿಗೆ ದಣಿಯುತ್ತದೆ. 6.00ಕ್ಕೆ ಗೇಟು ತೆರೆಯಿತು. ನಗುವಿನ ಸದ್ದು, ವಾದ್ಯದವರ ಶ್ರುತಿ ಒಳಗೆ ಬರತೊಡಗಿತು. 6.15ಕ್ಕೆ ಕಿಟಕಿಯಿಂದ ನೋಡಿದಾಗ ಕೋಟು ಹಾಕಿದ ಒಬ್ಬರು ಬಿಜಾಪುರದ ಮೇಜಿನ ಮುಂದೆ ನಿಂತಿದ್ದರು. ಇವರು ಕೈಮುಗಿದು ಏನೋ ಹೇಳುತ್ತಿದ್ದರು. ಕೋಟಿನವರು ಗಡಿಯಾರ ನೋಡಿಕೊಂಡು ಮುಂದಿನ ಮೇಜಿಗೆ ಸರಿದರು.

6.32ಕ್ಕೆ ಕೊನೆಯ ಗ್ಲಾಸು. 6.40ಕ್ಕೆ ಲಕೋಟೆ ಒಡೆದರು.

ಐದರಲ್ಲಿ ನಾಲ್ಕು ವೈನು ಶುದ್ಧವಾಗಿದ್ದವು. ಒಂದು ನಿಜಕ್ಕೂ ಕೆಟ್ಟಿತ್ತು. ಶುದ್ಧವಾದವುಗಳಲ್ಲಿ ಒಂದಕ್ಕೆ ಬೆಳ್ಳಿ, ಎರಡಕ್ಕೆ ಕಂಚು. ನಾಲ್ಕನೆಯದು ಒಂಬತ್ತನೆಯ ನಂಬರ್. ಸಂಜೆಯ ಅಂಕ 78 ಮತ್ತು 77. ಬೆಳಗಿನ ಮೂರನ್ನು ಸೇರಿಸಿದರೆ 398. ಐದರಿಂದ ಭಾಗಿಸಿದೆ. 79.6. ಮೂರು ಸಲ ಭಾಗಿಸಿದೆ.

ಏಳಕ್ಕೆ ಪದಕ ಕೊಡುವ ಮೊದಲು ನಡೆದದ್ದನ್ನು ನಾನೇ ಮೈಕಿನಲ್ಲಿ ಓದಿದೆ. ತಪ್ಪು ಯಾರದು ಎಂಬುದನ್ನೂ. ಚಪ್ಪಾಳೆಯಿಲ್ಲ, ಬೈಗುಳವೂ ಇಲ್ಲ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆಮೇಲೆ ಬಿಜಾಪುರದವರ ಬಳಿ ಹೋಗಿ, ಇಬ್ಬರ ಅಂಕ ಬಿಟ್ಟಿದ್ದರೆ ಅವರಿಗೆ ಪದಕ ಬರುತ್ತಿತ್ತು, ಬೇಡವೆಂದವಳು ನಾನು ಎಂದು ಹೇಳಿದೆ. ಮುಚ್ಚಿಡಲು ಇನ್ನೇನೂ ಉಳಿದಿರಬಾರದು ಎನ್ನಿಸಿತ್ತು.

ಅವರು ಮೇಜಿನ ಬಟ್ಟೆ ಮಡಚಿದರು.

"ನಿಮಗ ಮೊದಲ ಗೊತ್ತಿತ್ತೇನ್ರಿ, ನಂದು ಎಂಬತ್ತೊಂದು ಅಂತ?"

"ಗೊತ್ತಿತ್ತು."

"ಗೊತ್ತಿರಲಿಲ್ಲಂದ್ರ ಏನ್ ಹೇಳತಿದ್ರಿ?"

ನಾನು ಕೈಲಿದ್ದ ಹಾಳೆಗಳನ್ನು ಜೋಡಿಸತೊಡಗಿದೆ. ಅವರು ತೀರ್ಪಿನ ಹಾಳೆಯ ಪ್ರತಿ ಕೇಳಿದರು. ಅದರಲ್ಲಿ ಐದನೆಯ ತೀರ್ಪುಗಾರರು ಬರೆದಿದ್ದರು: ಶುದ್ಧ, ನಿಂಬೆಸಿಪ್ಪೆಯ ವಾಸನೆ, ರುಚಿ ಬೇಗ ಇಳಿಯುತ್ತದೆ. 'ಶುದ್ಧ' ಎಂಬ ಪದದ ಕೆಳಗೆ ಅವರು ಉಗುರಿನಿಂದ ಗೀರಿ, ಹಾಳೆ ಜೇಬಿಗಿಟ್ಟುಕೊಂಡು ಹೋದರು.

ಡಿಸೆಂಬರ್ 8ರಂದು ಅವರ ಫೋನು ಬಂತು. ಟ್ಯಾಂಕು ಭಟ್ಟಿಗೆ ಹೋಗಿತ್ತು. ಹಾಳೆ ನೋಡಿದ ಮಾಲೀಕರು ಅವರನ್ನು ಕೆಲಸದಲ್ಲಿ ಉಳಿಸಿಕೊಂಡು ಇನ್ನೊಂದು ಕೊಯ್ಲಿಗೆ ಅವಕಾಶ ಕೊಟ್ಟಿದ್ದರು. ಇದಕ್ಕೆ ಸಂತೋಷಪಡಬೇಕೋ ಬೇಡವೋ ಎಂದು ಇಬ್ಬರಿಗೂ ತಿಳಿಯದೆ ಆ ಕರೆ ಬೇಗ ಮುಗಿಯಿತು.

ಅಂದು ಸಂಜೆಯೇ ಹಾಳೆಗಳನ್ನು ಮತ್ತೆ ಹರಡಿಕೊಂಡೆ. ಗ್ಲಾಸಿನ ವಾಸನೆ ಹೆಚ್ಚು ಕೆಡಿಸದಿದ್ದದ್ದು ಕೆಂಪು ವೈನುಗಳನ್ನು, ಆದ್ದರಿಂದ ಅವನ್ನೇ ಹೋಲಿಸಿದೆ. ಬೆಳಿಗ್ಗೆ ಹೊರಬೀಳದ ಹನ್ನೊಂದು ಕೆಂಪು ವೈನುಗಳಿಗೆ ಆ ಇಬ್ಬರು ಕೆಟ್ಟ ಗ್ಲಾಸಿನಲ್ಲಿ ಕೊಟ್ಟ ಅಂಕವನ್ನೂ ಸಂಜೆ ಒಳ್ಳೆಯ ಗ್ಲಾಸಿನಲ್ಲಿ ಕೊಟ್ಟದ್ದನ್ನೂ ಅಕ್ಕಪಕ್ಕ ಬರೆದೆ. ಗ್ಲಾಸು ಸರಿಹೋದ ಮೇಲೆ ಅಂಕ ಏರಬೇಕಿತ್ತು. ಹನ್ನೊಂದರಲ್ಲಿ ಎಂಟಕ್ಕೆ ಇಳಿದಿತ್ತು. ಒಟ್ಟು ಸರಾಸರಿ ಒಂದೂವರೆ ಅಂಕ ಕಡಿಮೆ, ನಾಲಿಗೆ ದಣಿದದ್ದರ ಲೆಕ್ಕ ಅದು. ಒಂಬತ್ತನೆಯ ವೈನು ಅವರ ಬಾಯಿಗೆ ಹೋದದ್ದು ಆ ದಿನದ ಐವತ್ತಮೂರನೆಯದಾಗಿ. ಅದರ ಎರಡು ಅಂಕಗಳಿಗೂ ಒಂದೂವರೆ ಸೇರಿಸಿದರೆ ಸರಾಸರಿ 80.2 ಆಗುತ್ತದೆ. ಆದರೆ ಕೆಂಪಿನ ಸರದಿ ಇನ್ನೂ ತಡವಾಗಿ ಬಂದದ್ದು. ಅದರ ದಣಿವನ್ನು ಬಿಳಿಗೆ ಹಚ್ಚಬಹುದೇ ಎಂಬುದು ನನಗೆ ಗೊತ್ತಿಲ್ಲ.

ಇದನ್ನು ಓದುತ್ತಿರುವವರಲ್ಲಿ ಯಾರಾದರೂ ವೈನು, ಚಹಾ, ಕಾಫಿ, ಯಾವುದನ್ನಾದರೂ ರುಚಿ ನೋಡಿ ಅಂಕ ಕೊಡುವ ಕೆಲಸ ಮಾಡಿದ್ದರೆ ಒಂದು ವಿನಂತಿ. ಎಷ್ಟನೆಯ ಮಾದರಿಯ ನಂತರ ನಾಲಿಗೆ ದಣಿಯುತ್ತದೆ, ದಣಿದರೆ ಅಂಕ ಎಷ್ಟು ಇಳಿಯುತ್ತದೆ ಎಂಬ ದಾಖಲೆ ನಿಮ್ಮಲ್ಲಿದ್ದರೆ, ಇಬ್ಬರ ಗ್ಲಾಸು ಕೆಟ್ಟಾಗ ನೀವು ಏನು ಮಾಡಿದಿರಿ ಎಂಬುದು ನೆನಪಿದ್ದರೆ, ಈ ಪತ್ರಿಕೆಯ ವಿಳಾಸಕ್ಕೆ ಬರೆಯಿರಿ. ನಾನು ತಪ್ಪು ದಾರಿ ಆರಿಸಿದೆನೆಂದು ನಿಮ್ಮ ಲೆಕ್ಕ ಹೇಳಿದರೂ ಬರೆಯಿರಿ. ಆ ಪತ್ರದ ಪ್ರತಿಯನ್ನು ಮೊದಲು ಬಿಜಾಪುರಕ್ಕೆ ಕಳಿಸುತ್ತೇನೆ.